ಹಳೆಯ ಜೀಪಿನ ತುಕ್ಕಿಗೆ ಬಿಂಬುಳಿಯೋ, ಆಸಿಡ್ಡೋ, ಕರೆಂಟೋ?

ಹಳೆಯ ಜೀಪನ್ನು ಮನೆಯಂಗಳದಲ್ಲೇ ಸರಿಪಡಿಸಲು ಹೊರಟವರು ಮೊದಲು ಎಂಜಿನ್ನಿನ ಮಾತೆತ್ತುತ್ತಾರೆ. ಕಾಸರಗೋಡಿನಲ್ಲಿ ಅದು ಎರಡನೆಯ ಮಾತು. ಎಂಜಿನ್ ಕೆಟ್ಟರೆ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಕಟ್ಟಬಲ್ಲ ಕೈಗಳು ಬದಿಯಡ್ಕದಲ್ಲೂ ಮುಳ್ಳೇರಿಯದಲ್ಲೂ ಇವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರದೆ ಉಳಿಯುವ ತೇವ ತಗಡನ್ನು ಒಳಗಿನಿಂದ ತಿನ್ನುತ್ತದೆ. ಬಣ್ಣದ ಕೆಳಗೆ ಏನು ಉಳಿದಿದೆ ಎಂಬುದು ಕೆರೆದು ನೋಡುವವರೆಗೆ ತಿಳಿಯುವುದಿಲ್ಲ.

ನನ್ನದು ಮಹೀಂದ್ರದ ಎತ್ತರ ಬಾನೆಟ್ಟಿನ ಜೀಪು. ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಸಿಜೆ-3ಬಿ ಮಾದರಿ ಇದರ ಮೂಲ. ಅದಕ್ಕೆ ಕೂರಿಸಿದ ಹರಿಕೇನ್ ಎಂಬ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವುಗಳು ಹೆಡ್ಡಿನಲ್ಲೇ ಇರುವುದರಿಂದ ಎಂಜಿನ್ ಎತ್ತರವಾಯಿತು, ಅದಕ್ಕಾಗಿ ಬಾನೆಟ್ಟನ್ನೂ ಎತ್ತಬೇಕಾಯಿತು. ಅಮೆರಿಕದಲ್ಲಿ ಅದರ ತಯಾರಿ 1968ಕ್ಕೆ ನಿಂತಿತು; ಮಹೀಂದ್ರ ಆ ಬಳಿಕವೂ ಬಹುಕಾಲ ಅದನ್ನು ಮಾಡುತ್ತಲೇ ಇತ್ತು. ನನ್ನ ಕೈಗೆ ಬರುವ ಮೊದಲು ಈ ಗಾಡಿ ಪೆರ್ಲದ ಕಡೆಯ ತೋಟವೊಂದರಲ್ಲಿ ಅಡಿಕೆ, ಗೊಬ್ಬರ, ಮೈಲುತುತ್ತು ಹೊತ್ತಿದೆ. ಕೊಳೆರೋಗಕ್ಕೆ ಮೈಲುತುತ್ತು ಎಂಬ ತಾಮ್ರದ ಲವಣ ಸೇರಿದ ಬೋರ್ಡೋ ದ್ರಾವಣ ಸಿಂಪಡಿಸದ ಅಡಿಕೆ ತೋಟ ನಮ್ಮಲ್ಲಿ ಅಪರೂಪ. ಆ ಮೈಲುತುತ್ತು ಒದ್ದೆ ಕಬ್ಬಿಣಕ್ಕೆ ತಗಲಿದರೆ ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರುತ್ತದೆ, ಕೂತ ತಾಮ್ರ ಸುತ್ತಲಿನ ಕಬ್ಬಿಣವನ್ನು ಇನ್ನಷ್ಟು ಬೇಗ ತುಕ್ಕಿಗೆ ದೂಡುತ್ತದೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ಮಾಡುವುದೂ ಅಂಥದೇ ಕೇಡು. ಹಿಂದಿನ ಅಡಿತಗಡು ಕುಳಿ ಬಿದ್ದದ್ದು ಬರೀ ಮಳೆಯಿಂದಲ್ಲ. ಮಲೆಯ ಕಡೆ ಜೀಪು ಕೊಳ್ಳುವವರು ಆಸನಕ್ಕಿಂತ ಮೊದಲು ಈ ಅಡಿತಗಡನ್ನು ನೋಡಬೇಕು.

ದುರಸ್ತಿಗೆ ಮೀರಿದ ಒಂದು ಮಡ್‌ಗಾರ್ಡನ್ನು ತುಂಡು ಮಾಡಿಕೊಂಡೆ. ಒಂದೊಂದು ತುಂಡಿನ ತುಕ್ಕನ್ನು ಒಂದೊಂದು ವಿಧಾನದಲ್ಲಿ ಬಿಡಿಸಿ, ಪ್ರೈಮರ್ ಬಳಿದು, ಹಟ್ಟಿಯ ಪಡುವಣ ಮಾಡಿನಂಚಿಗೆ ತೂಗುಹಾಕಿದೆ. ಗಾಳಿಮಳೆ ನೇರವಾಗಿ ಬಡಿಯುವ ಜಾಗ ಅದು. ಒಂದು ಮಳೆಗಾಲ ಮುಗಿದಾಗ ತುಂಡುಗಳ ನಡುವಿನ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು.

ಎಲ್ಲರೂ ಮೊದಲು ಹಿಡಿಯುವುದು ಗ್ರೈಂಡರಿಗೆ ತಂತಿಬ್ರಷ್ಷು ಸಿಕ್ಕಿಸುವ ದಾರಿ. ಬೇಗ ಆಗುತ್ತದೆ, ತಗಡು ಮಿರಮಿರ ಮಿಂಚುತ್ತದೆ. ಆ ಮಿಂಚೇ ಮೋಸ. ಕುಳಿಗಳ ತಳದ ತುಕ್ಕನ್ನು ಬ್ರಷ್ಷು ಕೀಳುವುದಿಲ್ಲ, ತಿಕ್ಕಿ ನಯಗೊಳಿಸುತ್ತದೆ ಅಷ್ಟೆ. ಹಟ್ಟಿಯ ಮಾಡಿಗೆ ಕಟ್ಟಿದವುಗಳಲ್ಲಿ ಮೊದಲು ಗುಳ್ಳೆ ಎದ್ದದ್ದು ಇದೇ ತುಂಡು. ಕಳಚಿ ಸಿಡಿಯುವ ತಂತಿಯ ಚೂರುಗಳು ಕಣ್ಣಿಗೆ ಅಪಾಯ. ಕನ್ನಡಕವೊಂದೇ ಸಾಲದು, ಮುಖವಿಡೀ ಮುಚ್ಚುವ ಗುರಾಣಿ ಬೇಕು. ಸಡಿಲ ಬಣ್ಣ ಮತ್ತು ಹಕ್ಕಳೆ ಉದುರಿಸಲು ಇದು ಒಳ್ಳೆಯದು. ಅದರಾಚೆಗೆ ನಾನು ಇದನ್ನು ನಂಬುವುದಿಲ್ಲ.

ಬಿಂಬುಳಿ ಎಂಬ ಹುಳಿಹಣ್ಣಿನ ಸಲಹೆ ಕೊಟ್ಟವರು ದೊಡ್ಡಮ್ಮ. "ಕತ್ತಿಯ ತುಕ್ಕು ಹೋಗುತ್ತದೆ ಎಂದ ಮೇಲೆ ನಿನ್ನ ಬೋಲ್ಟಿನದು ಹೋಗುವುದಿಲ್ಲವೇ? ಮರದಡಿ ಬಿದ್ದು ಕೊಳೆಯುತ್ತಿದೆ, ಹೆಕ್ಕಿಕೊಂಡು ಹೋಗು" ಎಂದರು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ, ತುಕ್ಕನ್ನು ಕರಗಿಸುವುದು ಅದೇ. ಜಜ್ಜಿದ ಹಣ್ಣಿನ ರಸದಲ್ಲಿ ಒಂದು ರಾತ್ರಿ ಮುಳುಗಿದ ನಟ್ಟುಬೋಲ್ಟುಗಳು ಮರುದಿನ ನೈಲಾನ್ ಬ್ರಷ್ಷಿಗೇ ಬಿಟ್ಟುಕೊಟ್ಟವು, ಮರೆಯಾಗಿದ್ದ ತಿರುಪಿನ ಎಳೆಗಳು ಮತ್ತೆ ಚೂಪಾಗಿ ಕಂಡವು. ಕೆಲವೊಮ್ಮೆ ತೆಳುವಾದ ಹಳದಿ ಪುಡಿ ಉಳಿಯುತ್ತದೆ. ಅದು ಕಬ್ಬಿಣದ ಆಕ್ಸಲೇಟ್, ಉಜ್ಜಿ ತೆಗೆಯಬೇಕು. ಬಾಗಿಲ ತಿರುಗಣೆ, ಬಾನೆಟ್ಟಿನ ಕೊಂಡಿಯಂಥ ಸಣ್ಣ ಭಾಗಗಳಿಗೆ ಅಂಗಡಿಯ ಯಾವ ದ್ರಾವಣವೂ ಬೇಡ ಎಂದು ಧೈರ್ಯವಾಗಿ ಹೇಳುತ್ತೇನೆ. ದೊಡ್ಡ ತಗಡಿಗೆ ಮಾತ್ರ ಇದು ಒದಗುವುದಿಲ್ಲ. ಅಷ್ಟು ರಸ ಹಿಂಡುವವರಾರು?

ದೊಡ್ಡ ತಗಡಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣವೇ ಸರಿ. ಬಣ್ಣದಂಗಡಿಗಳಲ್ಲಿ ತುಕ್ಕು ತೆಗೆಯುವ ದ್ರವ ಎಂದು ಕೇಳಿದರೆ ಕೊಡುತ್ತಾರೆ. ಇದು ತುಕ್ಕನ್ನು ಕರಗಿಸುವ ಜೊತೆಗೆ ಕಬ್ಬಿಣದ ಮೇಲೆ ಫಾಸ್ಫೇಟಿನ ಬೂದುಬಣ್ಣದ ಪೊರೆ ಕೂರಿಸುತ್ತದೆ, ಪ್ರೈಮರ್ ಅದನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಹಳೆಯ ಸೀರೆಯ ತುಂಡನ್ನು ಅದರಲ್ಲಿ ಅದ್ದಿ ತಗಡಿನ ಮೇಲೆ ಹಾಸಿದರೆ ದ್ರವ ಹರಿದುಹೋಗದೆ ನಿಧಾನವಾಗಿ ಕೆಲಸ ಮಾಡುತ್ತದೆ. ಒಂದು ಎಚ್ಚರ: ಎರಡು ತಗಡು ಒಂದರ ಮೇಲೊಂದು ಕೂತು ಬೆಸುಗೆಯಾದ ಸಂದಿಗೆ ಆಮ್ಲ ಇಳಿಯಬಾರದು. ಇಳಿದರೆ ತೊಳೆದು ತೆಗೆಯಲು ಸಾಧ್ಯವಿಲ್ಲ, ಬಣ್ಣವಾದ ಮೇಲೂ ಅದು ಒಳಗೇ ತಿನ್ನುತ್ತಿರುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ವಿದ್ಯುತ್ತಿನ ದಾರಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಲೀಟರಿಗೆ ಐದರಿಂದ ಹತ್ತು ಗ್ರಾಂ ವಾಷಿಂಗ್ ಸೋಡಾ, ಒಂದು ಬದಿಯಲ್ಲಿ ಗುಜರಿ ಕಬ್ಬಿಣದ ಪಟ್ಟಿ, ನಡುವೆ ತೂಗುಬಿಟ್ಟ ತುಕ್ಕಿನ ಭಾಗ. ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ನಮ್ಮ ಭಾಗಕ್ಕೆ, ಪ್ಲಸ್ ಗುಜರಿ ಪಟ್ಟಿಗೆ. ಇದು ತಿರುವುಮುರುವಾದರೆ ಉಳಿಸಬೇಕಾದ ಭಾಗವೇ ಕರಗುತ್ತದೆ. ಹಳೆಯ ಮಾದರಿಯ ಚಾರ್ಜರ್ ಉತ್ತಮ. ಈಗಿನ ಸ್ವಯಂಚಾಲಿತ ಚಾರ್ಜರುಗಳಲ್ಲಿ ಹಲವು ಬ್ಯಾಟರಿ ಕಾಣದೆ ಕರೆಂಟ್ ಬಿಡುವುದೇ ಇಲ್ಲ. ಗುಜರಿ ಪಟ್ಟಿಯಾಗಿ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ. ಭಾಗದಿಂದ ಏಳುವ ಗುಳ್ಳೆಗಳು ಹೈಡ್ರೋಜನ್, ಆದ್ದರಿಂದ ಡ್ರಮ್ ಬಯಲಲ್ಲೇ ಇರಬೇಕು, ಹತ್ತಿರ ಬೆಂಕಿ ಸುಳಿಯಬಾರದು.

ಇಷ್ಟು ಪಾಡು ಪಡುವುದಕ್ಕೆ ಕಾರಣವಿದೆ. ಆಮ್ಲ ಒಳ್ಳೆಯ ಕಬ್ಬಿಣವನ್ನೂ ಸ್ವಲ್ಪ ತಿನ್ನುತ್ತದೆ, ವಿದ್ಯುತ್ತು ತಿನ್ನುವುದಿಲ್ಲ. ಮೇಲಾಗಿ ಕುಳಿಯೊಳಗೆ ಕೂತ ಕ್ಲೋರೈಡನ್ನು ಅದು ಹೊರಕ್ಕೆಳೆಯುತ್ತದೆ. ಸಮುದ್ರದಿಂದ ಎತ್ತಿದ ಹಳೆಯ ಕಬ್ಬಿಣದ ವಸ್ತುಗಳನ್ನು ಸಂಗ್ರಹಾಲಯದವರು ಉಳಿಸಿಕೊಳ್ಳುವುದೂ ಇದೇ ತತ್ವದಿಂದ. ಗೊಬ್ಬರ ಹೊತ್ತ ಜೀಪಿಗೆ ಇದಕ್ಕಿಂತ ತಕ್ಕ ಮದ್ದು ನನಗೆ ಕಂಡಿಲ್ಲ. ಪೆಡಲುಗಳು, ಬ್ಯಾಟರಿ ತಟ್ಟೆ, ಸೀಟಿನ ಚೌಕಟ್ಟು ಎಲ್ಲವೂ ಈ ಡ್ರಮ್ಮಿನಲ್ಲಿ ಮಿಂದು ಬಂದವು. ಪಟ್ಟಿಗೆ ಎದುರಾದ ಮೈ ಬೇಗ, ಹಿಂಬದಿ ನಿಧಾನವಾಗಿ ಶುದ್ಧವಾಗುತ್ತದೆ, ನಡುನಡುವೆ ತಿರುಗಿಸುತ್ತಿರಬೇಕು. ಕಮಾನು ಪಟ್ಟಿಗಳನ್ನು ಮಾತ್ರ ಡ್ರಮ್ಮಿಗೂ ಆಸಿಡ್ಡಿಗೂ ಇಳಿಸಲಿಲ್ಲ. ಹದಗೊಳಿಸಿದ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯಬಹುದು.

ಮರಳು ಬ್ಲಾಸ್ಟಿಂಗ್ ಮಾಡಿಸಿದ್ದು ಚಾಸಿಗೆ ಮಾತ್ರ. ಕೆಲಸ ಅಚ್ಚುಕಟ್ಟು, ಕುಳಿಯ ತಳದವರೆಗೆ ಬಿಳಿ ಲೋಹ ಕಾಣುತ್ತದೆ. ತೆಳು ತಗಡಿಗೆ ಅದೇ ಹೊಡೆತ ಕೊಟ್ಟರೆ ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಸಾದಾ ಮರಳಿನ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಗಾರ್ನೆಟ್ ಬಳಸುವವರಲ್ಲಿಗೆ ಒಯ್ಯುವುದು ಕೆಲಸಗಾರರಿಗೂ ಒಳ್ಳೆಯದು.

ಯಾವ ದಾರಿ ಹಿಡಿದರೂ ನಮ್ಮ ಹವೆಯಲ್ಲಿ ಬತ್ತಲೆ ಕಬ್ಬಿಣ ಗಂಟೆಯೊಳಗೆ ಮತ್ತೆ ಕೆಂಪಾಗತೊಡಗುತ್ತದೆ. ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಅಂದೇ ಪ್ರೈಮರ್ ಬಳಿಯಬೇಕು. ಇಲ್ಲೂ ಎರಡನ್ನು ಹೋಲಿಸಿದೆ. ರೆಡ್ ಆಕ್ಸೈಡ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಮೇಲೆ ಬಣ್ಣವಿಲ್ಲದೆ ಬಿಟ್ಟರೆ ತೇವವನ್ನು ಒಳಬಿಡುತ್ತದೆ. ಎರಡು ಡಬ್ಬಿ ಬೆರೆಸಿ ಬಳಿಯುವ ಎಪಾಕ್ಸಿ ದುಬಾರಿ, ಬೆರೆಸಿದ್ದನ್ನು ಗಟ್ಟಿಯಾಗುವ ಮೊದಲು ಮುಗಿಸಬೇಕು. ಮಾಡಿನಂಚಿನಲ್ಲಿ ವಿದ್ಯುತ್ತಿನಿಂದ ಶುದ್ಧವಾಗಿ ಎಪಾಕ್ಸಿ ಹೊದ್ದ ತುಂಡು ಹಾಗೆಯೇ ಉಳಿಯಿತು. ಅದೇ ರೀತಿ ಶುದ್ಧವಾಗಿ ರೆಡ್ ಆಕ್ಸೈಡ್ ಬಳಿಸಿಕೊಂಡದ್ದರ ಅಂಚುಗಳಲ್ಲಿ ಕಂದು ಗೆರೆ ಮೂಡಿತು. ದುಡ್ಡು ಉಳಿಸುವುದಿದ್ದರೆ ಮೇಲಿನ ಬಣ್ಣದಲ್ಲಿ ಉಳಿಸಿ, ಪ್ರೈಮರಿನಲ್ಲಿ ಬೇಡ.

ಹರಿಯಾಣದ ಡಬ್ವಾಲಿಯಿಂದ ಹೊಸ ಬಾಡಿಯನ್ನೇ ತರಿಸು ಎಂದವರೂ ಇದ್ದಾರೆ. ಅಡಿತಗಡಿನ ತೂತುಗಳಿಗೆ ಹೊಸ ತುಂಡು ಬೆಸೆಯಬಹುದಾದರೆ ಮೂಲ ಬಾಡಿ ಉಳಿಯಲಿ ಎಂಬುದು ನನ್ನ ಪಕ್ಷ.

ಕೊನೆಗೆ ಅಡಿಭಾಗದ ರಕ್ಷಣೆ. ಊರಿನ ರೂಢಿ ಕರಿ ಆಯಿಲ್. ನೆರೆಮನೆಯ ಭಾವ, "ಎಂಜಿನ್ನಿನಿಂದ ಇಳಿಸಿದ್ದನ್ನೇ ಅಡಿಗೆ ಹೊಡೆದರಾಯಿತಲ್ಲ ಭಾವ, ಖರ್ಚೂ ಇಲ್ಲ" ಎಂದರು. ಪುಕ್ಕಟೆ ಎಂಬುದು ನಿಜ. ಆದರೆ ಅದು ರಬ್ಬರ್ ಬುಷ್ಷುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಧೂಳನ್ನು ಅಂಟಿಸಿಕೊಳ್ಳುತ್ತದೆ, ಎರಡು ಜಡಿಮಳೆಗೆ ತೊಳೆದು ಅಂಗಳಕ್ಕಿಳಿಯುತ್ತದೆ. ನಮ್ಮ ಅಂಗಳದಡಿ ಇರುವುದು ನೀರನ್ನು ಬಸಿದು ಒಳಬಿಡುವ ಮುರಕಲ್ಲು. ಎಣ್ಮಕಜೆ, ಬಾಯಾರು, ಪೈವಳಿಕೆಗಳಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ. ಆ ನೀರಿಗೆ ಸುಟ್ಟ ಆಯಿಲ್ ಸೇರಿಸುವ ಹಕ್ಕು ಯಾವ ಜೀಪಿಗೂ ಇಲ್ಲ. ಇಳಿಸಿದ ಆಯಿಲನ್ನು ನಾನು ಕ್ಯಾನಿನಲ್ಲಿ ತುಂಬಿ ವರ್ಕ್‌ಶಾಪಿನ ಸಂಗ್ರಹಕ್ಕೆ ಕೊಡುತ್ತೇನೆ. ಡಾಂಬರಿನ ಲೇಪವೂ ನನಗೆ ಒಗ್ಗಲಿಲ್ಲ: ಒಣಗಿ ಬಿರುಕು ಬಿಟ್ಟ ಮೇಲೆ ನೀರು ಅದರ ಹಿಂದೆ ನಿಲ್ಲುತ್ತದೆ, ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಈಗ ಬಳಸುತ್ತಿರುವುದು ಸಂದಿಗಳಿಗೆ ಸಿಂಪಡಿಸುವ ಮೇಣದ ದ್ರಾವಣ. ಅದು ಪಾರದರ್ಶಕ, ಕೆಳಗೆ ಏನಾಗುತ್ತಿದೆ ಎಂದು ಟಾರ್ಚ್ ಹಿಡಿದು ನೋಡಬಹುದು. ಚಕ್ರದಿಂದ ಕಲ್ಲು ಸಿಡಿಯುವ ಕಡೆ ಅದು ಉಳಿಯುವುದಿಲ್ಲ, ಪ್ರತಿವರ್ಷ ಮೇ ಕೊನೆಯಲ್ಲಿ ಮಳೆಗಾಲದ ಹೊಸ್ತಿಲಿಗೆ ಬರುವ ಪತ್ತನಾಜೆಗೆ ಮೊದಲು ಅಲ್ಲಿ ಇನ್ನೊಂದು ಸುತ್ತು ಹೊಡೆಯಲೇಬೇಕು.