ಶಿವಮೊಗ್ಗದ ಮಾಧ್ಯಮ ಶಿಬಿರ: ಹಳೆಯ ಸಿದ್ಧಾಂತ, ಇಂದಿನ ಸುದ್ದಿ

ಸಂವಹನ ಸಿದ್ಧಾಂತಗಳ ನೆರವಿನಿಂದ ಇಂದಿನ ಮಾಧ್ಯಮವನ್ನು ಅರ್ಥಮಾಡಿಕೊಳ್ಳಲು ಕಲಿಸುವ ವಾರಾಂತ್ಯದ ಶಿಬಿರವೊಂದಕ್ಕೆ ಶಿವಮೊಗ್ಗದಲ್ಲಿ ಶುಲ್ಕ ಕಟ್ಟಿ ಸೇರಿದ್ದೆ. ಪತ್ರಿಕೋದ್ಯಮದ ವಿದ್ಯಾರ್ಥಿಗಳ ಜೊತೆಗೆ ಶಾಲಾ ಶಿಕ್ಷಕರು, ಅಡಿಕೆ ಬೆಳೆಗಾರರು, ಆಶಾ ಕಾರ್ಯಕರ್ತೆಯರೂ ಬಂದಿದ್ದರು. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಹೆಚ್ಚು ಸಮಯ ಬೇಕಿದ್ದ ವಿಷಯಕ್ಕೇ ಕಡಿಮೆ ಸಮಯ ಸಿಕ್ಕಿತು.

ಮೊದಲ ಪಾಠ ಕಾರ್ಯಸೂಚಿ ಸಿದ್ಧಾಂತದ್ದು. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವೇಳೆ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕಾಂಬ್ಸ್ ಮತ್ತು ಡೊನಾಲ್ಡ್ ಶಾ ಅವರು ಅಲ್ಲಿನ ಚಾಪೆಲ್ ಹಿಲ್ ಪಟ್ಟಣದಲ್ಲಿ ಯಾರಿಗೆ ಮತ ಹಾಕಬೇಕೆಂದು ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತನಾಡಿಸಿದ್ದರು. ಮಾಧ್ಯಮ ಒತ್ತುಕೊಟ್ಟ ವಿಷಯಗಳನ್ನೇ ಮತದಾರರೂ ಮುಖ್ಯವೆಂದು ಬಗೆದಿದ್ದರು ಎಂಬ ಅವರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಇದನ್ನು ವಿವರಿಸಿ ಬಿಡದೆ, ಪ್ರತಿ ಮೇಜಿಗೂ ಹಳೆಯ ದಿನಪತ್ರಿಕೆಗಳ ಕಟ್ಟು ಮತ್ತು ಒಂದು ಅಡಿಪಟ್ಟಿ ಕೊಟ್ಟು, ಯಾವ ಸುದ್ದಿಗೆ ಎಷ್ಟು ಜಾಗ ಸಿಕ್ಕಿದೆಯೆಂದು ಅಳೆಯಲು ಹೇಳಿದರು. ನಮ್ಮ ಕಟ್ಟಿನಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಸುದ್ದಿ ಒಳಪುಟದಲ್ಲಿ, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯ ಪಕ್ಕದಲ್ಲಿತ್ತು, ಮುಖಪುಟವೆಲ್ಲ ರಾಜಕೀಯದ್ದು. ಆಗ ಬೆಳೆಗಾರರೊಬ್ಬರು, ತೋಟದಲ್ಲಿ ಗರಿ ಒಣಗುತ್ತಿರುವವನಿಗೆ ಅದು ಮುಖ್ಯವೆಂದು ಪತ್ರಿಕೆ ಹೇಳಿಕೊಡಬೇಕಿಲ್ಲವಲ್ಲ ಎಂದು ಕೇಳಿದರು. ಕಣ್ಣಾರೆ ಕಂಡ ವಿಷಯದಲ್ಲಿ ಮಾಧ್ಯಮದ ಪ್ರಭಾವ ತಗ್ಗುತ್ತದೆ, ದೂರದ ವಿಷಯದಲ್ಲಿ ಹೆಚ್ಚುತ್ತದೆ ಎಂದು ಬೋಧಕರು ಅಲ್ಲಿಂದಲೇ ಸಿದ್ಧಾಂತದ ಮಿತಿಯನ್ನೂ ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು.

ಇಡೀ ಶಿಬಿರದ ತಿರುಳು ಮಂಗನ ಕಾಯಿಲೆಯ ಕುರಿತ ಚರ್ಚೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಮನುಷ್ಯರಿಗೆ ಹರಡುವುದು ಮುಖ್ಯವಾಗಿ ಉಣುಗಿನ ಕಡಿತದಿಂದ. ಸುದ್ದಿಯ ಚೌಕಟ್ಟು ಸಮಸ್ಯೆ ಯಾವುದು, ಕಾರಣ ಯಾರು, ಪರಿಹಾರವೇನು ಎಂಬುದನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ ಎಂದು ಸಂವಹನ ವಿದ್ವಾಂಸ ರಾಬರ್ಟ್ ಎಂಟ್‌ಮನ್ 1993ರಲ್ಲಿ ವಾದಿಸಿದ್ದನ್ನು ಇದಕ್ಕೆ ಹೊಂದಿಸಿ ನೋಡಿದೆವು. ವರದಿಯ ತುಂಬ ಸತ್ತ ಮಂಗದ ಚಿತ್ರವೇ ಇದ್ದರೆ ಓದುಗ ಮಂಗವನ್ನು ದೂರುತ್ತಾನೆ. ದರಗು (ಒಣ ಎಲೆ) ತರಲು ಕಾಡಿಗೆ ಹೋಗುವಾಗ ಮೈಗೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಬೇಕು, ಮೈ ಮುಚ್ಚುವ ಬಟ್ಟೆ ತೊಡಬೇಕು ಎಂಬ ಜೀವ ಉಳಿಸುವ ಮಾತು ಕೊನೆಯ ಸಾಲಿಗೆ ಜಾರುತ್ತದೆ. ವರದಿಯಲ್ಲಿ ಒಂದು ಸುಳ್ಳೂ ಇಲ್ಲದೆ ಇಷ್ಟು ಹಾನಿಯಾಗಬಹುದು ಎಂಬ ತಿಳಿವಳಿಕೆಯೊಂದಕ್ಕೇ ಶುಲ್ಕ ಸಂದಿತು ಎನ್ನುತ್ತೇನೆ.

ಯಾವ ಸುದ್ದಿ ಒಳಬರಬೇಕೆಂದು ಸಂಪಾದಕರು ಆರಿಸುವ ದ್ವಾರಪಾಲನೆ, ತಮ್ಮದು ಅಲ್ಪಮತವೆಂದು ಅನಿಸಿದವರು ಒಂಟಿಯಾಗುವ ಭಯದಿಂದ ಸುಮ್ಮನಾಗುವ ಮೌನದ ಸುರುಳಿ, ಇವುಗಳ ಪಾಠಗಳು ಪಠ್ಯಪುಸ್ತಕದ ಮಟ್ಟ ದಾಟಲಿಲ್ಲ.

ನನ್ನ ಮುಖ್ಯ ಆಕ್ಷೇಪ ವಾಟ್ಸ್‌ಆ್ಯಪ್ ಭಾಗದ ಬಗ್ಗೆ. 1940ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಿಂದ ಮೂಡಿದ ಎರಡು ಹಂತದ ಹರಿವಿನ ವಿಚಾರ, ಅಂದರೆ ಸುದ್ದಿ ಜನರನ್ನು ನೇರವಾಗಿ ತಲುಪುವುದಕ್ಕಿಂತ ಅವರು ನಂಬುವ ವ್ಯಕ್ತಿಗಳ ಮೂಲಕ ತಲುಪುತ್ತದೆ ಎಂಬುದು, ಮಲೆನಾಡಿಗೆ ಚೆನ್ನಾಗಿ ಒಪ್ಪುತ್ತದೆ. ಸೊಸೈಟಿಯ ಕಾರ್ಯದರ್ಶಿ, ಮಂಡಿಯ ಸಾಹುಕಾರರು, ಊರಿನ ಮೇಷ್ಟ್ರು ಹೇಳಿದ ಮಾತಿಗೆ ಇಲ್ಲಿ ಇಂದಿಗೂ ತೂಕವಿದೆ. ಆದರೆ ಮೊದಲು ಬರೆದವರು ಯಾರೆಂದೇ ತಿಳಿಯದ ಸಂದೇಶವನ್ನು ಅದೇ ಮೇಷ್ಟ್ರು ಗುಂಪಿಗೆ ಹಾಕಿದಾಗ ನಾವು ನಂಬುವುದು ಯಾರನ್ನು? ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5 ಚಾಟ್‌ಗಳಿಗೆ ಇಳಿಸಿತು. ಹಲವು ಬಾರಿ ಫಾರ್ವರ್ಡ್ ಆದ ಸಂದೇಶಗಳಿಗೆ 2020ರಲ್ಲಿ ಒಂದೇ ಚಾಟ್‌ನ ಮಿತಿ ಹಾಕಿತು. ಇಷ್ಟನ್ನು ಹೇಳಿ ಮುಗಿಸಿದರೇ ಹೊರತು ಆ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅಲ್ಲದೆ ಸ್ಲೈಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆಶಾ ಕಾರ್ಯಕರ್ತೆಯರು ಪಕ್ಕದವರನ್ನು ಕೇಳಿ ಬರೆದುಕೊಳ್ಳುತ್ತಿದ್ದುದನ್ನು ನೋಡಿ ನೋವಾಯಿತು.

ಶಿಕ್ಷಕರಿಗೆ, ಆರೋಗ್ಯ ಕಾರ್ಯಕರ್ತರಿಗೆ, ಗುಂಪುಗಳ ಅಡ್ಮಿನ್‌ಗಳಿಗೆ ಈ ಶಿಬಿರವನ್ನು ಶಿಫಾರಸು ಮಾಡುತ್ತೇನೆ. ಆಯೋಜಕರು ಮುಂದಿನ ಸಲ ಕನ್ನಡದ ಟಿಪ್ಪಣಿ ಕೊಟ್ಟು, ಸಾಗರ, ತೀರ್ಥಹಳ್ಳಿಗಳಲ್ಲೂ ಇದನ್ನು ನಡೆಸಲಿ. ಅದೂ ಅಡಿಕೆ ಕೊಯ್ಲಿಗೆ ಮುಂಚೆ, ಮಂಗನ ಕಾಯಿಲೆಯ ಸುದ್ದಿಗಳು ಶುರುವಾಗುವುದರೊಳಗೆ.