ಟ್ರೂ ಡಿಟೆಕ್ಟಿವ್: ಲೂಸಿಯಾನಾದ ಬಿಸಿಲಾ, ಅಲಾಸ್ಕಾದ ಕತ್ತಲಾ?

2024ರ ಜನವರಿಯಲ್ಲಿ ‘ಟ್ರೂ ಡಿಟೆಕ್ಟಿವ್: ನೈಟ್ ಕಂಟ್ರಿ’ ಶುರುವಾದಾಗಿನಿಂದ ಈ ಪತ್ತೇದಾರಿ ಟಿವಿ ಸರಣಿಯ ಅಭಿಮಾನಿಗಳಲ್ಲಿ ಎರಡು ಪಾರ್ಟಿ ಆಗಿದೆ. ಒಂದು ಪಾರ್ಟಿಗೆ 2014ರ ಮೊದಲ ಸೀಸನ್ ಬಿಟ್ಟರೆ ಬೇರೆ ಯಾವುದೂ ಲೆಕ್ಕಕ್ಕಿಲ್ಲ. ಹೊಸ ಸೀಸನ್ ಅವರ ಪಾಲಿಗೆ ಹೆಸರು ಕೆಡಿಸಲು ಬಂದದ್ದು. ಇನ್ನೊಂದು ಪಾರ್ಟಿಗೆ ಜೋಡಿ ಫಾಸ್ಟರ್ ಇರುವ ಈ ನಾಲ್ಕನೇ ಸೀಸನ್ನಿನಲ್ಲಿ ತಪ್ಪೇ ಕಾಣುವುದಿಲ್ಲ. ಹಾಗಾಗಿ ಎರಡನ್ನೂ ಒಂದರ ಹಿಂದೆ ಒಂದು ಮತ್ತೆ ನೋಡಿದೆ. ಕೊಲೆಗಾರ ಯಾರು ಅಂತ ಮೊದಲೇ ಗೊತ್ತಿದ್ದು ನೋಡಿದರೆ ಬರಹಗಾರರ ಪ್ರಾಮಾಣಿಕತೆ ಚೆನ್ನಾಗಿ ಗೊತ್ತಾಗುತ್ತದೆ. ಸುಳಿವು ನಿಜವಾಗಿಯೂ ಕಣ್ಣೆದುರಿಗೆ ಇಟ್ಟಿದ್ದರಾ, ಅಥವಾ ಕೊನೆಯಲ್ಲಿ ಎಲ್ಲಿಂದಲೋ ತಂದು ಅಂಟಿಸಿದರಾ ಅನ್ನುವುದು ಬಯಲಾಗುತ್ತದೆ. ಇಲ್ಲಿ ಗುಟ್ಟೆಲ್ಲ ಬಿಚ್ಚಿಯೇ ಬರೆಯುತ್ತಿದ್ದೇನೆ. ಇನ್ನೂ ನೋಡದವರು ದಯವಿಟ್ಟು ನೋಡಿಕೊಂಡು ಬನ್ನಿ.

ಮೊದಲು ಹಳೆಯದು. 1995ರ ಲೂಸಿಯಾನಾ. ಕಬ್ಬಿನ ಗದ್ದೆ, ಒಂಟಿ ಮರ, ಅದರ ಬುಡದಲ್ಲಿ ಡೋರಾ ಲ್ಯಾಂಗ್ ಎಂಬ ಹೆಣ್ಣುಮಗಳ ಶವ, ತಲೆಗೆ ಜಿಂಕೆ ಕೊಂಬಿನ ಕಿರೀಟ. ತನಿಖೆಗೆ ರಸ್ಟ್ ಕೋಲ್ ಮತ್ತು ಮಾರ್ಟಿ ಹಾರ್ಟ್, ಅಂದರೆ ಮ್ಯಾಥ್ಯೂ ಮೆಕಾನಹೇ ಮತ್ತು ವುಡಿ ಹ್ಯಾರಲ್ಸನ್. ಕಥೆ 1995, 2002, 2012 ಅಂತ ಮೂರು ಕಾಲದಲ್ಲಿ ಓಡುತ್ತದೆ. ಎಂಟೂ ಎಪಿಸೋಡ್ ಬರೆದವರು ನಿಕ್ ಪಿಜೊಲಾಟೊ, ಎಂಟನ್ನೂ ನಿರ್ದೇಶಿಸಿದವರು ಕ್ಯಾರಿ ಫುಕುನಾಗಾ. ಆ ಒಂದೇ ಕೈಯ ಹಿಡಿತ ಪ್ರತಿ ದೃಶ್ಯದಲ್ಲೂ ಕಾಣುತ್ತದೆ.

ನಾಲ್ಕನೇ ಎಪಿಸೋಡಿನ ಆರು ನಿಮಿಷದ ಕಟ್ ಇಲ್ಲದ ಶಾಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಐದನೇ ಎಪಿಸೋಡ್. 2012ರಲ್ಲಿ ಕೂತು ಇಬ್ಬರೂ ಪೊಲೀಸರಿಗೆ ಹೇಳಿಕೆ ಕೊಡುತ್ತಿದ್ದಾರೆ: ಕೊಲೆಯ ಶಂಕಿತ ರೆಜಿ ಲೆಡೂ ನಮ್ಮ ಮೇಲೆ ಗುಂಡಿನ ಮಳೆ ಸುರಿಸಿದ, ನಾವು ತಿರುಗಿ ಹೊಡೆದೆವು ಅಂತ. ತೆರೆಯ ಮೇಲೆ ಕಾಣುವುದೇ ಬೇರೆ. ಕೈಗೆ ಬೇಡಿ ಬಿದ್ದವನನ್ನು ಮಾರ್ಟಿ ಸಿಟ್ಟಿನಲ್ಲಿ ಸುಟ್ಟುಬಿಡುತ್ತಾನೆ. ರಸ್ಟ್ ಆಮೇಲೆ ಬಂದೂಕು ಎತ್ತಿ ಮರಗಳಿಗೆ ಗುಂಡು ಹಾರಿಸಿ ಕಾಳಗ ನಡೆದಂತೆ ಸಾಕ್ಷಿ ಕಟ್ಟುತ್ತಾನೆ. ಕಿವಿಗೆ ಸುಳ್ಳು, ಕಣ್ಣಿಗೆ ನಿಜ. ಪತ್ತೇದಾರಿ ಸರಣಿಗಳಲ್ಲಿ ಇಷ್ಟು ಚೆನ್ನಾಗಿ ನೋಡುಗನನ್ನು ಸಾಕ್ಷಿಯಾಗಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸುಳಿವಿನ ವಿಷಯಕ್ಕೆ ಬರೋಣ. ಕೊಲೆಗಾರ ಎರಲ್ ಚಿಲ್ಡ್ರೆಸ್ ಮೂರನೇ ಎಪಿಸೋಡಿನಲ್ಲೇ ಬರುತ್ತಾನೆ. ಮುಚ್ಚಿಹೋದ ಶಾಲೆಯ ಅಂಗಳದಲ್ಲಿ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತಿರುತ್ತಾನೆ. ರಸ್ಟ್ ಅವನನ್ನೇ ಮಾತಾಡಿಸುತ್ತಾನೆ. ಅಷ್ಟರಲ್ಲಿ ಮಾರ್ಟಿ ಕರೆದ ಅಂತ ಹೊರಟುಬಿಡುತ್ತಾನೆ. ಮುಖದ ಗಾಯದ ಕಲೆಗಳು ಗಡ್ಡದಲ್ಲಿ ಮುಚ್ಚಿಹೋಗಿವೆ. ಕೊನೆಗೆ ಕೇಸು ಬಿಚ್ಚಿಕೊಳ್ಳುವುದು ಹಸಿರು ಪೇಂಟಿನಿಂದ. ತನ್ನನ್ನು ಅಟ್ಟಿಸಿಕೊಂಡು ಬಂದವನ ಕಿವಿ ಹಸಿರಾಗಿತ್ತು ಅಂತ ಒಬ್ಬಳು ಚಿಕ್ಕ ಹುಡುಗಿ ಹೇಳಿರುತ್ತಾಳೆ. ಹಳೇ ಫೋಟೋದಲ್ಲಿ ಹೊಸದಾಗಿ ಹಸಿರು ಬಣ್ಣ ಬಳಿದ ಮನೆ ಕಂಡು ಮಾರ್ಟಿಗೆ ಥಟ್ಟನೆ ಹೊಳೆಯುತ್ತದೆ. ಅಲ್ಲಿಂದ ಪೇಂಟ್ ಮಾಡಿದವರು ಯಾರು ಅನ್ನುವ ಹಳೇ ತೆರಿಗೆ ಕಾಗದಕ್ಕೆ, ಅಲ್ಲಿಂದ ಚಿಲ್ಡ್ರೆಸ್ ಮನೆಗೆ. ನಿಜವಾದ ಪೊಲೀಸ್ ಕೆಲಸ ಹೀಗೇ ಇರುತ್ತದೆ ಅಂತ ನಂಬಿಕೆ ಬರುತ್ತದೆ.

ಆದರೆ ಹಳೇ ಅಭಿಮಾನಿಗಳು ಒಂದು ಮಾತನ್ನು ಮರೆತಿದ್ದಾರೆ. 2014ರ ಮಾರ್ಚ್‌ನಲ್ಲಿ ಈ ಕೊನೆಯ ಎಪಿಸೋಡ್ ಬಂದಾಗಲೂ ಜಗಳ ಆಗಿತ್ತು. ಕೊಲೆಗಳ ಸುತ್ತ ಕೇಳಿಬರುವ ‘ಯೆಲ್ಲೋ ಕಿಂಗ್’ ಯಾರು, ಇದರ ಹಿಂದಿದ್ದ ಪ್ರಭಾವಿ ಟಟಲ್ ಮನೆತನದ ದೊಡ್ಡವರಿಗೆ ಯಾಕೆ ಶಿಕ್ಷೆ ಆಗಲಿಲ್ಲ, ಇಷ್ಟೆಲ್ಲ ಆಸೆ ಹುಟ್ಟಿಸಿ ಕೊನೆಗೆ ಕಾಡಿನಲ್ಲೊಬ್ಬ ಹುಚ್ಚನಾ ಅಂತ ಬಹಳ ಜನ ಬೇಸರ ಮಾಡಿಕೊಂಡಿದ್ದರು. ಅವತ್ತಿನ ಆ ದೂರು ಇವತ್ತು ಯಾರ ಬಾಯಲ್ಲೂ ಇಲ್ಲ. ಹತ್ತು ವರ್ಷದಲ್ಲಿ ಕೊರತೆಗಳು ಮಾಸಿ ಒಳ್ಳೆಯದಷ್ಟೇ ನೆನಪಲ್ಲಿ ಉಳಿದಿದೆ. ಹೊಸ ಸೀಸನ್ನನ್ನು ಆ ನೆನಪಿನ ಜೊತೆ ತೂಗುವುದು ಅನ್ಯಾಯ ಅಲ್ವಾ?

ಈಗ ‘ನೈಟ್ ಕಂಟ್ರಿ’. ಇಸಾ ಲೋಪೆಸ್ ಕೈಯಲ್ಲಿ ಆರೇ ಎಪಿಸೋಡ್. ಅಲಾಸ್ಕಾದ ಎನಿಸ್ ಎಂಬ ಕಾಲ್ಪನಿಕ ಊರು. ಚಿತ್ರೀಕರಣ ಮಾಡಿದ್ದು ಐಸ್‌ಲ್ಯಾಂಡಿನಲ್ಲಿ. ಡಿಸೆಂಬರ್ 17ಕ್ಕೆ ವರ್ಷದ ಕೊನೆಯ ಸೂರ್ಯ ಮುಳುಗಿದ ಮೇಲೆ ಊರಿಗೆ ಹಗಲೇ ಇಲ್ಲ. ಸಲಾಲ್ ಎಂಬ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಒಮ್ಮೆಲೇ ಕಾಣೆಯಾಗುತ್ತಾರೆ. ಆಮೇಲೆ ಮಂಜುಗಡ್ಡೆಯಲ್ಲಿ ಬರಿಮೈಯಲ್ಲಿ ಒಂದಕ್ಕೊಂದು ಅಂಟಿಕೊಂಡ ಹೆಣಗಳ ರಾಶಿ ಸಿಗುತ್ತದೆ. ಅದನ್ನು ಹಾಗೇ ಕತ್ತರಿಸಿ ತೆಗೆದು ಊರಿನ ಐಸ್-ಹಾಕಿ ಆಟದ ಅಂಗಳಕ್ಕೆ ತಂದು ನಿಧಾನವಾಗಿ ಕರಗಿಸುತ್ತಾರೆ. ಆ ದೃಶ್ಯ ನೋಡಿ ನಾನು ಊಟ ಪಕ್ಕಕ್ಕಿಟ್ಟೆ.

ಕೊಲೆಗಾರರು ಎಲ್ಲಿಂದಲೋ ಉದುರಿದರು ಅನ್ನುವುದು ಈ ಸೀಸನ್ ಮೇಲಿನ ದೊಡ್ಡ ಆರೋಪ. ಮತ್ತೆ ನೋಡಿದ ಮೇಲೆ ಇದನ್ನು ನಾನು ಒಪ್ಪಲಾರೆ. ಹೆಣಗಳ ಹತ್ತಿರ ಬಟ್ಟೆಗಳು ಸಿಗುತ್ತವೆ, ನೀಟಾಗಿ ಮಡಚಿಟ್ಟ ಬಟ್ಟೆಗಳು. ಸಾಯಲು ಓಡುವವರು ಬಟ್ಟೆ ಮಡಚುತ್ತಾರಾ? ದಿನಾ ಮನೆ ಗುಡಿಸಿ ಒರೆಸಿ ಬಟ್ಟೆ ಒಗೆಯುವ ಕೈಗಳಿಗೆ ಮಾತ್ರ ಆ ಅಭ್ಯಾಸ. ಆ ಕೈಗಳ ಒಡತಿಯರಾದ ಬೀ ಮತ್ತು ಬ್ಲೇರ್ ಮೊದಲ ಎಪಿಸೋಡಿನಲ್ಲೇ ಇದ್ದಾರೆ. ಏಡಿ ಫ್ಯಾಕ್ಟರಿಯಲ್ಲಿ ಬ್ಲೇರ್ ಮೇಲೆ ಕೈ ಮಾಡಿದವನಿಗೆ ಬೀ ಬಕೆಟ್ಟಿನಿಂದ ಬಾರಿಸಿರುತ್ತಾಳೆ. ತಮ್ಮವಳ ಮೇಲೆ ಕೈ ಎತ್ತಿದರೆ ಇವರು ಪೊಲೀಸರಿಗೆ ಕಾಯುವವರಲ್ಲ ಅಂತ ಅವತ್ತೇ ತೋರಿಸಿದ್ದರು. ಕೊನೆಯಲ್ಲಿ ನೆಲಮಾಳಿಗೆಯ ಬಾಗಿಲ ಮೇಲೆ ಬ್ಲೇರ್ ಕೈಯ, ಎರಡು ಬೆರಳಿಲ್ಲದ ಅಂಗೈ ಗುರುತು ಸಿಕ್ಕಾಗ ಎಲ್ಲ ಕೂಡಿಕೊಳ್ಳುತ್ತದೆ. ನಾವೂ ಪೊಲೀಸರ ಹಾಗೇ ಕ್ಲೀನಿಂಗ್ ಹೆಂಗಸರನ್ನು ನೋಡಿಯೂ ನೋಡದೆ ದಾಟಿಬಿಟ್ಟಿದ್ದೆವು. ಊರಿನಲ್ಲಿ ಹಿಂದೆ ಕೊಲೆಯಾದ ಆನಿಯನ್ನು ಕೊಂದವರು ಯಾರು ಅಂತ ಕೇಳಿದ್ದೇ ತಪ್ಪು, ಕೊಂದವರು ಯಾರೆಂದು ಗೊತ್ತಿದ್ದದ್ದು ಯಾರಿಗೆ ಅಂತ ಕೇಳಬೇಕಿತ್ತು ಎಂದು ಫಾಸ್ಟರ್ ಮಾಡಿದ ಪೊಲೀಸ್ ಮುಖ್ಯಸ್ಥೆ ಡ್ಯಾನ್ವರ್ಸ್ ಹೇಳುವ ಗಳಿಗೆ ನನಗೆ ಹಸಿರು ಪೇಂಟಿನಷ್ಟೇ ಇಷ್ಟವಾಯಿತು.

ಕೊಲೆಯ ಕಾರಣವೂ ಗಟ್ಟಿ. ಊರಿನ ಗಣಿಯ ಕೊಳೆ ಜಾಸ್ತಿಯಾದಷ್ಟೂ ಹೆಪ್ಪುಗಟ್ಟಿದ ನೆಲ ಮೆತ್ತಗಾಗುತ್ತದೆ, ವಿಜ್ಞಾನಿಗಳ ಕೆಲಸ ಸಲೀಸಾಗುತ್ತದೆ. ಅದಕ್ಕೇ ಅವರು ಮಾಲಿನ್ಯದ ಅಂಕಿಗಳನ್ನು ತಿದ್ದುತ್ತಾರೆ. ಇತ್ತ ಮೂಲನಿವಾಸಿ ಇನ್ಯೂಪಿಯಾಕ್ ಜನರ ಬಡಾವಣೆಗಳಲ್ಲಿ ನಲ್ಲಿ ನೀರು ಕಪ್ಪಾಗುತ್ತದೆ, ಕೂಸುಗಳು ಹುಟ್ಟುವಾಗಲೇ ಸಾಯುತ್ತವೆ. ಸೂಲಗಿತ್ತಿಯಾಗಿದ್ದ ಆನಿಗೆ ಇದು ಗೊತ್ತಾದದ್ದೇ ಅವಳ ಪ್ರಾಣಕ್ಕೆ ಬಂತು. ವಿಜ್ಞಾನಿಗಳೇ ಅವಳನ್ನು ಕೊಂದರು, ಅದಕ್ಕೆ ಈ ಹೆಂಗಸರು ಸೇಡು ತೀರಿಸಿಕೊಂಡರು. ಮೊದಲ ಸೀಸನ್ನಿನ ದುಷ್ಟತನ ಒಂದು ಮನೆತನದ ಗುಟ್ಟು. ಇಲ್ಲಿ ಅದು ಇಡೀ ಊರಿನ ಸಂಬಳ. ನನಗೆ ಇದು ಹೆಚ್ಚು ಕಾಡಿತು.

ಹಾಗಾದರೆ ಹೊಸದು ಸೋಲುವುದು ಎಲ್ಲಿ? ಹಳೆಯದರಿಂದ ಸಾಲ ತಂದ ಕಡೆಯಲ್ಲೆಲ್ಲ. ಡೋರಾಳ ಹೆಣದ ಮೇಲಿದ್ದ ಸುರುಳಿ ಗುರುತು ಮತ್ತೆ ಬಂತು. ಸಲಾಲ್‌ಗೆ ಟಟಲ್ ಕಂಪನಿಯ ದುಡ್ಡು ಅಂದರು. ರಸ್ಟ್‌ನ ಅಪ್ಪ ಟ್ರಾವಿಸ್ ದೆವ್ವವಾಗಿ ಬಂದ. ಕಾಲ ಚಪ್ಪಟೆ ವರ್ತುಲ ಅನ್ನುವ ರಸ್ಟ್ ಹೇಳಿದ ಪ್ರಸಿದ್ಧ ಮಾತನ್ನು ವಿಜ್ಞಾನಿ ಕ್ಲಾರ್ಕ್ ಬಾಯಲ್ಲಿ ಹೇಳಿಸಿದರು. ಇವುಗಳಲ್ಲಿ ಒಂದೂ ಎಲ್ಲಿಗೂ ಹೋಗಿ ಮುಟ್ಟಲಿಲ್ಲ. ಟಟಲ್ ಹೆಸರು ಕೇಳಿದ ಕೂಡಲೇ ನಾನೂ ಎಲ್ಲರ ಹಾಗೆ ವಾರವಾರ ಕಾದೆ, ಲೆಕ್ಕ ಹಾಕಿದೆ. ಸುಮ್ನೆ ಕಾದಿದ್ದಾಯಿತು.

ದೆವ್ವದ ಲೆಕ್ಕವೂ ಇಲ್ಲೇ ತಪ್ಪುತ್ತದೆ. ಮೊದಲ ಸೀಸನ್ನಿನಲ್ಲಿ ವಿಚಿತ್ರಗಳೆಲ್ಲ ರಸ್ಟ್‌ನ ತಲೆಯೊಳಗೆ ಇದ್ದವು. ಡ್ರಗ್ಸ್‌ನಿಂದ ಹಾಳಾದ ಮಿದುಳು, ಅದಕ್ಕೆ ಕಾಣುವ ಹಕ್ಕಿಗಳ ಸುರುಳಿ. ತನಿಖೆಗೂ ಅದಕ್ಕೂ ಸಂಬಂಧ ಇರಲಿಲ್ಲ. ‘ನೈಟ್ ಕಂಟ್ರಿ’ಯಲ್ಲಿ ಸತ್ತ ಟ್ರಾವಿಸ್ ಊರಿನ ರೋಸ್ ಎಂಬಾಕೆಯನ್ನು ಕರೆದುಕೊಂಡು ಹೋಗಿ ಹೆಣಗಳನ್ನೇ ತೋರಿಸಿಬಿಡುತ್ತಾನೆ. ದೆವ್ವ ಕೇಸಿಗೆ ಸಹಾಯ ಮಾಡಿದರೆ ಪತ್ತೇದಾರರಿಗೆ ಏನು ಕೆಲಸ? ಆನಿಯ ಕತ್ತರಿಸಿದ ನಾಲಿಗೆ ಸಲಾಲ್ ಲ್ಯಾಬಿಗೆ ಹೇಗೆ ಬಂತು ಅನ್ನುವುದಕ್ಕೂ ಉತ್ತರ ಕೊಡಲಿಲ್ಲ. ಮೊದಲ ಎಪಿಸೋಡಿನಲ್ಲಿ ಅಷ್ಟು ಜೋರಾಗಿ ಎತ್ತಿದ ಪ್ರಶ್ನೆ ಅದು. ಇಲ್ಲಿ ಕೋಪಗೊಂಡ ಅಭಿಮಾನಿಗಳ ಪರ ನಾನು ಪೂರ್ತಿ ಇದ್ದೇನೆ.

ನಟನೆಯಲ್ಲಿ ಸಮ ಸಮ. ಫಾಸ್ಟರ್‌ಗೆ 2024ರಲ್ಲಿ ಎಮ್ಮಿ ಬಂದದ್ದು ನ್ಯಾಯವೇ. ಬಾಕ್ಸರ್ ಆಗಿದ್ದ ಕ್ಯಾಲಿ ರೀಸ್ ಜೊತೆಗಾರ ಪೊಲೀಸ್ ಪಾತ್ರದಲ್ಲಿ ಅವರೆದುರು ಕುಗ್ಗದೆ ನಿಂತಿದ್ದಾರೆ. ಅಪ್ಪನನ್ನೇ ಗುಂಡಿಕ್ಕಿ ಕೊಂದ ಯುವ ಪೊಲೀಸ್ ಪೀಟ್, ಹೆಣವನ್ನು ಮಂಜಿನಡಿಯ ನೀರಿಗೆ ಬಿಡುವ ದೃಶ್ಯಕ್ಕೆ ಇನ್ನೊಂದು ಎಪಿಸೋಡಿನಷ್ಟು ಜಾಗ ಬೇಕಿತ್ತು. ಆರಕ್ಕೆ ಮುಗಿಸಿದ್ದರಿಂದ ಅಪ್ಪ ಮಗನ ಸಂಬಂಧ ಬೆಳೆಯಲು ಪುರುಸೊತ್ತೇ ಸಿಗಲಿಲ್ಲ.

ಒಂದನ್ನೇ ಆರಿಸು ಅಂದರೆ ಮೊದಲ ಸೀಸನ್ನೇ. ಹದಿನೇಳು ವರ್ಷ ಇಬ್ಬರು ಮನುಷ್ಯರು ಸವೆಯುವುದನ್ನು ಅದು ತೋರಿಸಿದಷ್ಟು ಬೇರೆ ಯಾವುದೂ ತೋರಿಸಿಲ್ಲ. ಆದರೆ ಕೊನೆಯ ಎಪಿಸೋಡಿಗೆ ಮಾತ್ರ ನನ್ನ ವೋಟು ‘ನೈಟ್ ಕಂಟ್ರಿ’ಗೆ. ಆ ಹೆಂಗಸರು ನಡೆದದ್ದನ್ನು ಹೇಳುವ ದೃಶ್ಯ ಚಿಲ್ಡ್ರೆಸ್ ಜೊತೆಗಿನ ಹೊಡೆದಾಟಕ್ಕಿಂತ ಎಷ್ಟೋ ಮೇಲು. ಮುಂದಿನ ಸೀಸನ್ನೂ ಲೋಪೆಸ್ ಅವರಿಗೇ ಕೊಟ್ಟಿದ್ದಾರೆ. ಸುರುಳಿ, ಟಟಲ್, ರಸ್ಟ್ ಯಾವುದನ್ನೂ ಮುಟ್ಟದೆ, ಎಂಟು ಎಪಿಸೋಡ್ ತೆಗೆದುಕೊಂಡು ತಮ್ಮದೇ ಕಥೆ ಹೇಳಲಿ.