ಬೀಟಲ್ ಎಂಜಿನ್‌ಗೆ ಬೈಕಂಪಾಡಿಯ ಲೇತ್ ಅಂಗಡಿ

ಹಳೆ ಫೋಕ್ಸ್‌ವ್ಯಾಗನ್ ಬೀಟಲ್‌ನ 1192 ಸಿಸಿ ಎಂಜಿನ್ ಕಡಿಮೆ ದುಡ್ಡಲ್ಲಿ ರೀಬಿಲ್ಡ್ ಮಾಡಿಸಬೇಕಾದರೆ ಮಂಗಳೂರಿನ ಬೈಕಂಪಾಡಿಯ ಈ ಸಣ್ಣ ಲೇತ್ ಅಂಗಡಿಗೇ ಹೋಗಿ. ಮೇಸ್ತ್ರಿ ಮೊದಲು ಅಳೆಯುತ್ತಾರೆ, ಆಮೇಲೆ ರೇಟ್ ಹೇಳುತ್ತಾರೆ. ನನ್ನ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಪ್ರತಿ ಜರ್ನಲ್‌ಗೂ (ಬೇರಿಂಗಿನೊಳಗೆ ತಿರುಗುವ ನುಣುಪು ಭಾಗ) ಮೈಕ್ರೋಮೀಟರ್ ಹಿಡಿದು, "ಇದಕ್ಕೆ ಗ್ರೈಂಡಿಂಗ್ ಬೇಡ ಮಾರಾಯ್ರೆ, ಪಾಲಿಶ್ ಸಾಕು" ಅಂದರು. ಅಲ್ಲೇ ಎಷ್ಟೋ ದುಡ್ಡು ಉಳಿಯಿತು. 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮಾತ್ರ ಹೊಸದೇ ಹಾಕಬೇಕು ಅಂತ ಪಟ್ಟು ಹಿಡಿದರು. ಇದು ಗಾಳಿಯಿಂದಲೇ ತಂಪಾಗುವ ಎಂಜಿನ್; ಆಯಿಲ್ ಕೂಲರ್ ಅಡ್ಡ ಇರುವುದರಿಂದ ಆ ಸಿಲಿಂಡರಿಗೆ ಗಾಳಿ ಕಡಿಮೆ, ಬಿಸಿ ಜಾಸ್ತಿ, ಸರಿಯಾದ ಮಾತೇ ಅಲ್ವಾ. ಸಿಲಿಂಡರ್ ರೆಕ್ಕೆಗಳ ನಡುವೆ ಗಟ್ಟಿಯಾಗಿದ್ದ ಎಣ್ಣೆಮಣ್ಣನ್ನೂ ತಂತಿ ಹಾಕಿ ಕೆರೆದು ತೆಗೆದರು. ಕೆಲಸ ತಡ, ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ನೂ ತಡ. ಪಿಸ್ಟನ್, ಬೇರಿಂಗ್ ಇವರಲ್ಲಿ ಸಿಗುವುದಿಲ್ಲ, ನೀವೇ ತರಿಸಿಕೊಂಡು ಹೋಗಿ.